ಇದ್ದಲ್ಲಿ ಇದ್ದಂತೆ

ಕಾರವಾರದ ಕಡಲ ತಡಿಯಲ್ಲಿ ‘ಚಪಲ್’ ಎಂಬ ಯುದ್ಧನೌಕೆ ನೆಲದ ಮೇಲೆ ನಿಂತಿರುವುದನ್ನು ನಮ್ಮ ಕಾಲೇಜಿನವರೆಲ್ಲ ಕಂಡೇ ಇದ್ದಾರೆ. 1976ರಲ್ಲಿ ನೌಕಾಪಡೆಯನ್ನು ಸೇರಿ 2005ರಲ್ಲಿ ನಿವೃತ್ತವಾದ ಈ ನೌಕೆಗೆ ಊರಿನ ಮರ್ಯಾದೆ ಸಂದಿದೆ. ಮುಪ್ಪಿನಲ್ಲಿ ಇಂಥ ಭಾಗ್ಯ ಎಲ್ಲ ದೋಣಿಗಳ ಹಣೆಯಲ್ಲಿಯೂ ಬರೆದಿರುವುದಿಲ್ಲ. ಅಲ್ಲಿಂದ ಬೈತಖೋಲ ಬಂದರಿಗೆ ಹೋದರೆ ಬೇರೊಂದು ಜಾತಿಯ ಹಳೆಯ ದೋಣಿಗಳು ಕಾಣುತ್ತವೆ. ಗಾಳಿಮಳೆಗೆ ಸಿಕ್ಕಿ ಮೈ ಒಡೆದುಕೊಂಡವು ಕೆಲವು. ಸಾಲ ತೀರದೆ ಜಪ್ತಿಯಾದವು ಕೆಲವು. ಇವುಗಳನ್ನು ಅರ್ಧ ಬೆಲೆಗೆ ಕೊಳ್ಳುವವರೂ ನಮ್ಮಲ್ಲಿ ಉಂಟು. ಆ ವ್ಯಾಪಾರವನ್ನು ಕುರಿತು ನನಗೆ ಒಂದು ಅಭಿಪ್ರಾಯವಿದೆ. ಅದು ಪುಸ್ತಕದಿಂದ ಬಂದುದಲ್ಲ, ನನ್ನ ಸೋದರಮಾವನ ಅಂಗಳದಿಂದ ಬಂದುದು.

ಮೊದಲು ಸಾಲದ ಮಾತು. ರಂಪಣಿ ಬಲೆಯ ಕಾಲದಲ್ಲಿ ಊರಿನ ಹತ್ತಾರು ಜನ ಸೇರಿ ದಂಡೆಯಿಂದ ಬಲೆ ಎಳೆದು ಬಂಗಡೆ, ತಾರ್ಲಿಗಳನ್ನು ಪಾಲು ಹಂಚಿಕೊಳ್ಳುತ್ತಿದ್ದರು. 1952ರಲ್ಲಿ ಕೇರಳಕ್ಕೆಂದು ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದಿನ ದಶಕದಲ್ಲಿ ಕಾರವಾರಕ್ಕೂ ಬಂದಿತು. ಯಂತ್ರದ ದೋಣಿ ಬಂದಿತು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ಬಲೆಯೂ ಬಂದು ರಂಪಣಿ ಮೂಲೆ ಸೇರಿತು. ಯಂತ್ರದ ಜೊತೆಗೆ ಸಾಲ ಬಂದಿತು. ಪಾಲು ಹತ್ತು ಜನರದಾಗಬಹುದು, ಸಾಲ ಮಾತ್ರ ಒಬ್ಬನ ಹೆಸರಿನಲ್ಲಿರುತ್ತದೆ. ಎರಡು ವರ್ಷ ಮೀನು ಕೈಕೊಟ್ಟರೆ ಸಾಕು, ದೋಣಿ ಬ್ಯಾಂಕಿನದು.

‘ಜಪ್ತಿಯಾದ ದೋಣಿಯಲ್ಲಿ ಹಿಂದಿನ ಒಡೆಯನ ಕಣ್ಣೀರು ಇರುತ್ತದೆ, ಅದನ್ನು ಕೊಳ್ಳಬಾರದು’ ಎಂದು ನಮ್ಮ ಹಿರಿಯರು ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಯಾರೂ ಕೊಳ್ಳದಿದ್ದರೆ ಹಿಂದಿನ ಒಡೆಯನಿಗೇನು ಬಂತು? ಹರಾಜಿನಲ್ಲಿ ಹುಟ್ಟಿದ ಹಣ ಸಾಲಕ್ಕೆ ಜಮೆಯಾಗಿ, ಉಳಿದದ್ದು ಆತನ ತಲೆಯ ಮೇಲೆಯೇ ಇರುತ್ತದೆ. ಒಳ್ಳೆಯ ಬೆಲೆ ಬಂದರೆ ಆತನಿಗೂ ಒಳಿತೇ. ಆದುದರಿಂದ ಕೊಳ್ಳುವುದು ಪಾಪವಲ್ಲ. ನನ್ನ ತಕರಾರು ಇರುವುದು ಕೊಳ್ಳುವ ರೀತಿಯ ಮೇಲೆ.

ನಾಲ್ಕು ವರ್ಷಗಳ ಹಿಂದೆ, ನವೆಂಬರ ತಿಂಗಳಿನಲ್ಲಿ, ನನ್ನ ಮಾವ ಹೀಗೆ ಒಂದು ಟ್ರಾಲ್ ಬೋಟು ಕೊಂಡರು. ಮರದ ಬೋಟು, ಮೇಲೆ ಫೈಬರಿನ ಹೊದಿಕೆ. ಹರಾಜಿನ ಕಾಗದದಲ್ಲಿ ‘ಇದ್ದಲ್ಲಿ ಇದ್ದಂತೆ’ ಮಾರಲಾಗಿದೆ ಎಂದಿತ್ತು. ಮಾವ ಎಂಜಿನನ್ನು ಚಾಲೂ ಮಾಡಿಸಿ ಸದ್ದು ಕೇಳಿದರು, ಗೇರು ಹಾಕಿಸಿ ನೋಡಿದರು. ಅಡಿಯನ್ನು ನೋಡಲಿಲ್ಲ, ಬೋಟು ನೀರಿನಲ್ಲಿತ್ತು. ದಡಕ್ಕೆ ಎಳೆಸಿ ನೋಡೋಣವೆಂದರೆ ಅದಕ್ಕೊಂದು ಖರ್ಚು, ಅಷ್ಟು ದಿನ ಮೀನುಗಾರಿಕೆ ನಷ್ಟ. ನವೆಂಬರದಲ್ಲಿ ಯಾರು ತಾನೆ ದೋಣಿಯನ್ನು ದಡದಲ್ಲಿಡುತ್ತಾರೆ? ಹತ್ತೇ ದಿನದಲ್ಲಿ ಬಣ್ಣ ಬಳಿದು, ಪೂಜೆ ಮಾಡಿಸಿ, ಕಡಲಿಗಿಳಿಸಿದರು. ಒಬ್ಬ ತಾಂಡೇಲ, ಐವರು ಖಲಾಸಿಗಳು. ಅವರಲ್ಲಿ ಇಬ್ಬರು ಒಡಿಶಾದಿಂದ ಬಂದ ನನ್ನ ವಯಸ್ಸಿನ ಹುಡುಗರು.

ಮೂರನೆಯ ವಾರ, ಒಂದು ರಾತ್ರಿ, ಎಂಜಿನಿನ ಕೆಳಗೆ ಹಲಗೆ ಬಾಯಿಬಿಟ್ಟಿತು. ನೀರೆತ್ತುವ ಪಂಪು ಸ್ವಲ್ಪ ಹೊತ್ತು ನಡೆದು ನಿಂತಿತು. ಆರೂ ಜನ ಬಕೆಟಿನಿಂದ ನೀರು ಚೆಲ್ಲುತ್ತ ಬೆಳಗು ಮಾಡಿದರು. ಪುಣ್ಯಕ್ಕೆ ಬೇರೊಂದು ದೋಣಿಯವರು ಕಂಡು, ಹಗ್ಗ ಕೊಟ್ಟು ಬೇಲೆಕೇರಿಗೆ ಎಳೆದು ತಂದರು. ದಡಕ್ಕೆ ಹಾಕಿದ ಮೇಲೆ ಆಚಾರಿ ಸುತ್ತಿಗೆಯಿಂದ ತಟ್ಟುತ್ತ ಬಂದ. ಗಟ್ಟಿ ಮರ ಟಣ್ಣೆನ್ನುತ್ತದೆ. ಇದು ಕೆಲವು ಕಡೆ ತಲೆದಿಂಬಿಗೆ ಹೊಡೆದಂತೆ ಸದ್ದು ಕೊಟ್ಟಿತು. ಅಲ್ಲಿ ಫೈಬರು ಕೊಯ್ದು ಬೆರಳು ಹಾಕಿದರೆ ಒಳಗಿನ ಹಲಗೆ ನೆನೆದ ಅವಲಕ್ಕಿಯಂತೆ ಕೈಗೆ ಬಂದಿತು. ‘ತಮ್ಮಾ, ಅಂಗಿ ನೋಡಿ ಹೆಣ್ಣು ಕೊಟ್ಟ ಹಾಗಾಯ್ತು’ ಎಂದ ಆತ, ನನ್ನ ಕಡೆ ತಿರುಗಿ.

ಇದು ಹೇಗಾಗುತ್ತದೆಂದು ಆಮೇಲೆ ಕೇಳಿ ತಿಳಿದೆ. ಕಡಲಿನ ಉಪ್ಪುನೀರು ಮರವನ್ನು ಅಷ್ಟಾಗಿ ಕೊಳೆಸುವುದಿಲ್ಲ. ಹುಳುವೊಂದು ಕೊರೆಯದಿದ್ದರೆ ಸರಿ. ಕೊಳೆಸುವುದು ಮಳೆನೀರು. ಯಾರೂ ದಿಕ್ಕಿಲ್ಲದ ದೋಣಿಯ ಹೊಟ್ಟೆಯಲ್ಲಿ ಮಳೆಗಾಲದ ನೀರು ನಿಂತು, ಫೈಬರಿಗೂ ಮರಕ್ಕೂ ನಡುವೆ ಇಳಿದು, ಹೊರಗೆ ಬರಲು ದಾರಿಯಿಲ್ಲದೆ ಒಳಗೊಳಗೇ ಹಲಗೆಯನ್ನು ತಿನ್ನುತ್ತದೆ. ಜಪ್ತಿಯಾದ ದೋಣಿ ಹೀಗೆ ಕಾಯುವುದಾದರೂ ಏಕೆ? ಮನೆಯ ಸಾಲವಾದರೆ 2002ರ ಸರ್ಫೇಸಿ ಕಾಯ್ದೆಯ ಬಲದಿಂದ ಬ್ಯಾಂಕಿನವರು ನೋಟೀಸು ಕೊಟ್ಟು ಬೇಗನೆ ಹರಾಜು ಹಾಕಬಹುದು. ಅದೇ ಕಾಯ್ದೆಯ 31ನೆಯ ಕಲಮು ನೌಕೆಗಳನ್ನು ಹೊರಗಿಟ್ಟಿದೆ. ಹೀಗಾಗಿ ಒಪ್ಪಿಗೆಯಿಂದ ಬಗೆಹರಿಯದಿದ್ದರೆ ಕೋರ್ಟು. ಸಹಕಾರಿ ಸಂಘದ ಸಾಲವಾದರೆ ಆ ಕಾಯ್ದೆಯ ದಾರಿ ಬೇರೆ. ಕಾಗದಗಳು ಓಡಾಡುವಾಗ ದೋಣಿ ನಿಂತಲ್ಲೇ ಕೊಳೆಯುತ್ತದೆ. ನಮ್ಮ ಮಾವನ ಬೋಟು ಎರಡು ಮಳೆಗಾಲ ಹೀಗೆ ಕಳೆದಿತ್ತಂತೆ.

ಆದುದರಿಂದ ನಾನು ಹೇಳುವುದಿಷ್ಟು. ನಮ್ಮ ಕರಾವಳಿಯಲ್ಲಿ ಜೂನ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿದೆ. ಆಗ ಎಲ್ಲರೂ ದೋಣಿಯನ್ನು ಮೇಲೆಳೆದು ರಿಪೇರಿ ಮಾಡಿಸುತ್ತಾರೆ. ಜಪ್ತಿ ದೋಣಿಗಳ ಹರಾಜನ್ನೇಕೆ ಏಪ್ರಿಲ್-ಮೇ ತಿಂಗಳಿನಲ್ಲಿ ಇಡಬಾರದು? ಕೊಂಡವನಿಗೆ ದುಡಿಮೆ ತಪ್ಪದೆ ಎರಡು ತಿಂಗಳು ರಿಪೇರಿಗೆ ಸಿಗುತ್ತದೆ. ಮತ್ತು ಹರಾಜಿಗೆ ಮುಂಚೆ, ಮಾರುವವರ ಖರ್ಚಿನಲ್ಲಿ, ದೋಣಿಯನ್ನು ದಡಕ್ಕೆ ಎಳೆಸಿ, ಆಚಾರಿಯೊಬ್ಬನಿಂದ ತಟ್ಟಿಸಿ, ಕಂಡದ್ದನ್ನು ಬರೆದು ಅಂಟಿಸಬೇಕು.

ಹಾಗೆ ಮಾಡಿದರೆ ಬೆಲೆ ಇಳಿಯುತ್ತದೆಂದು ನಮ್ಮ ವಾಣಿಜ್ಯ ವಿಭಾಗದ ಗೆಳೆಯರೊಬ್ಬರು ವಾದಿಸಿದರು. ಕೊಳೆತ ದೋಣಿಯ ಬೆಲೆ ಇಳಿಯಲೇಬೇಕಷ್ಟೆ. ಆದರೆ ಗಟ್ಟಿ ದೋಣಿಯ ಬೆಲೆ ಏರುತ್ತದೆ. ಈಗ ಎಲ್ಲರೂ ಕೊಳೆತಿರಬಹುದೆಂಬ ಭಯದಿಂದಲೇ ಕೂಗುತ್ತಾರೆ. ಹಳೆಯ ಮೋಟಾರು ಕಾರುಗಳ ಪೇಟೆಯನ್ನು ಕುರಿತು ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದೇ ಮಾತನ್ನು ಹೇಳಿದ್ದಾರೆಂದು ನಮ್ಮ ಅಧ್ಯಾಪಕರು ತಿಳಿಸಿದರು. ಲಂಡನ್ನಿನ ಲಾಯ್ಡ್ಸ್ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವ್ಯಾಪಾರಿಗಳು ಹದಿನೆಂಟನೆಯ ಶತಮಾನದಲ್ಲಿಯೇ ಹಡಗುಗಳನ್ನು ಪರೀಕ್ಷೆ ಮಾಡಿಸಿ ಪಟ್ಟಿ ಅಚ್ಚು ಹಾಕಿಸುತ್ತಿದ್ದರು. ಮೈಗೆ ಒಂದು ಅಕ್ಷರ, ಹಗ್ಗ ಲಂಗರುಗಳಿಗೆ ಒಂದು ಗುರುತು. ನಾವು ಚಹಾ ಚೆನ್ನಾಗಿದ್ದರೆ ‘ಎ-ವನ್’ ಎನ್ನುತ್ತೇವಲ್ಲ, ಆ ಮಾತು ಬಂದದ್ದು ಹಡಗಿನ ಆ ಪಟ್ಟಿಯಿಂದ. ಚಹಾಕ್ಕೆ ಬಳಸುವ ಮಾತನ್ನು ದೋಣಿಗೂ ಬಳಸಿದರೆ ತಪ್ಪೇನು?

ಕೊಳ್ಳುವವನೇ ಎಚ್ಚರಿಕೆಯಿಂದ ಇರಲಿ ಎಂಬ ನ್ಯಾಯ ವ್ಯಾಪಾರದಲ್ಲಿ ಉಂಟು. ಆದರೆ ಆ ರಾತ್ರಿ ನೀರು ಚೆಲ್ಲಿದ ಆರು ಜನರಲ್ಲಿ ದೋಣಿ ಕೊಂಡವರು ಒಬ್ಬರೂ ಇರಲಿಲ್ಲ. ಮಾವ ಮನೆಯಲ್ಲಿ ಮಲಗಿದ್ದರು. ಒಡಿಶಾದ ಹುಡುಗರಿಗಂತೂ ಆ ದೋಣಿ ಜಪ್ತಿಯದೆಂಬುದೂ ಗೊತ್ತಿರಲಿಲ್ಲ. ಹೊಸ ಬಣ್ಣ ಕಂಡು ಒಳ್ಳೆಯ ಬೋಟಿನ ಕೆಲಸ ಸಿಕ್ಕಿತೆಂದು ಊರಿಗೆ ಫೋನು ಮಾಡಿದ್ದರಂತೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯದಿದ್ದರೆ ಸರಿಯಲ್ಲ. ಮಾವ ಆ ಬೋಟನ್ನು ಪೂರ್ತಿ ರಿಪೇರಿ ಮಾಡಿಸಲಿಲ್ಲ, ಅಷ್ಟು ಹಣವಿರಲಿಲ್ಲ. ಬಾಯಿಬಿಟ್ಟ ಕಡೆ ಎರಡು ಹಲಗೆ ಬದಲಿಸಿ, ಮೇಲೆ ಫೈಬರು ಹೊದಿಸಿ, ದೂರದ ಬಂದರಿನವರೊಬ್ಬರಿಗೆ ಮಾರಿದರು. ಮಾರಾಟದ ಕಾಗದ ಬರೆದವನು ನಾನು. ಮನೆಯಲ್ಲಿ ಕಾಲೇಜಿಗೆ ಹೋಗುವವನು ನಾನೊಬ್ಬನೇ, ಅಕ್ಷರವೂ ದುಂಡಗೆ. ಉಳಿದ ಹಲಗೆಗಳ ಮಾತು ಬರೆಯಬೇಕೇ ಎಂದು ಕೇಳಿದೆ. ‘ನಮಗೆ ಹೇಗೆ ಬರ್ದು ಕೊಟ್ರೋ ಹಾಗೇ ಬರಿ’ ಎಂದರು ಮಾವ. ಅವರ ಕೊರಳಲ್ಲಿ ಸಾಲವಿತ್ತು, ಅತ್ತೆಯ ಬಳೆ ಅಡವಿನಲ್ಲಿತ್ತು. ‘ಇದ್ದಲ್ಲಿ ಇದ್ದಂತೆ’ ಎಂದು ಬರೆದು ಕೆಳಗೆ ಸಾಕ್ಷಿ ರುಜು ಹಾಕಿದೆ.

ಆ ಬೋಟಿನ ಹೆಸರು, ಬಣ್ಣ ಈಗ ಬದಲಾಗಿರಬಹುದು. ಗಾಳಿಮಳೆ ಜೋರಾದಾಗ ಗೋವೆಯಿಂದ, ಮಲ್ಪೆಯಿಂದ ದೋಣಿಗಳು ಆಸರೆಗೆಂದು ಬೈತಖೋಲಕ್ಕೆ ಬಂದು ನಿಲ್ಲುತ್ತವೆ. ಅಂಥ ದಿನ ತರಗತಿ ಮುಗಿದ ಮೇಲೆ ಅಂಕೋಲೆಯ ಬಸ್ಸು ಹಿಡಿಯುವ ಮುಂಚೆ ನಾನು ಅಲ್ಲಿಗೆ ಹೋಗಿ ಒಂದೊಂದರ ಮಗ್ಗುಲನ್ನೂ ನೋಡುತ್ತೇನೆ. ಈವರೆಗೆ ಕಂಡಿಲ್ಲ.