ಹೊಟ್ಟೆಯೊಳಗಿನ ಹರಳು, ಕೈಯೊಳಗಿನ ಕೂಲಿ

ಮುಧೋಳ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಕಬ್ಬು ಕಡಿಯುವವರು, ಸಕ್ಕರೆ ಕಾರಖಾನೆಯ ಬಾಯ್ಲರಿನ ಮುಂದೆ ನಿಲ್ಲುವವರು, ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ದುಡಿಯುವವರು ಬೆವರನ್ನು ಧಾರಾಳವಾಗಿ ಸುರಿಸುತ್ತಾರೆ. ನೀರು ಕುಡಿಯಲು ಮಾತ್ರ ಅವರಿಗೆ ಪುರಸತ್ತಿಲ್ಲ. ಮೂತ್ರ ಕಡಿಮೆಯಾಗಿ ಗಟ್ಟಿಯಾದಾಗ ಅದರೊಳಗಿನ ಲವಣ ಹರಳುಗಟ್ಟುತ್ತದೆ. ಒಂದು ರಾತ್ರಿ ಪಕ್ಕೆಯಿಂದ ತೊಡೆಯ ಸಂದಿಯವರೆಗೆ ನೋವು ಸಿಡಿಯುತ್ತದೆ. ಅಂಥ ಹೊತ್ತಿನಲ್ಲಿ ಯಾರೂ ಚೌಕಾಸಿ ಮಾಡಲಾರರು. ದಿನವಿಡೀ ತಕ್ಕಡಿ ಹಿಡಿಯುವ ವ್ಯಾಪಾರಿಯೂ ಕೇಳಿದಷ್ಟು ಕೊಟ್ಟು ಬರುತ್ತಾನೆ. ಆದ್ದರಿಂದ ಯಾವ ಪರೀಕ್ಷೆ ಏನು ತೋರಿಸುತ್ತದೆ ಎಂಬುದನ್ನು ನೋವಿಲ್ಲದಾಗಲೇ ತಿಳಿದಿರಬೇಕು.

ರಾಂಟ್ಜನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಮರುವರ್ಷವೇ ಗ್ಲಾಸ್ಗೋದ ಡಾಕ್ಟರ್ ಮ್ಯಾಕಿಂಟೈರ್ ಮೂತ್ರಪಿಂಡದ ಹರಳಿನ ಚಿತ್ರ ತೆಗೆದರು. ಕ್ಯಾಲ್ಸಿಯಂ ಹರಳು ಈ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಯೂರಿಕ್ ಆಮ್ಲದ ಹರಳು ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಕಾಮಗಾರನ ರಜೆ ಕತ್ತರಿಸುವ ಮೇಲ್ವಿಚಾರಕರು ಇದನ್ನು ಮನಸ್ಸಿನಲ್ಲಿಡಲಿ.

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಶಬ್ದದ ಅಲೆಗಳಿಂದ ನೋಡುತ್ತದೆ. ಅದರಲ್ಲಿ ವಿಕಿರಣವಿಲ್ಲ, ಗರ್ಭಿಣಿಯರಿಗೂ ಸಲ್ಲುತ್ತದೆ. ಮೂತ್ರಪಿಂಡ ಬಾತಿದ್ದರೆ ತೋರಿಸುತ್ತದೆ, ಆದರೆ ನಾಳದಲ್ಲಿ ಸಿಕ್ಕ ಸಣ್ಣ ಹರಳು ಒಮ್ಮೊಮ್ಮೆ ತಪ್ಪುತ್ತದೆ. ಸಿ.ಟಿ. ಸ್ಕ್ಯಾನಿಗೆ ತಪ್ಪುವುದು ತೀರ ಕಡಿಮೆ; ಆದರೆ ಖರ್ಚು ಹೆಚ್ಚು, ವಿಕಿರಣವೂ ಉಂಟು. ಅಮೇರಿಕೆಯ 15 ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 2,700ಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿ ಹೇಳುವುದಿಷ್ಟು: ಮೊದಲು ಅಲ್ಟ್ರಾಸೌಂಡ್ ಮಾಡಿದ್ದರಿಂದ ರೋಗಿಗಳಿಗೆ ಹೆಚ್ಚಿನ ಅಪಾಯವಾಗಲಿಲ್ಲ, ಅನೇಕರಿಗೆ ಸಿ.ಟಿ. ಬೇಕಾಗಲೇ ಇಲ್ಲ.

ಹಾಗೆಂದು ಸಿ.ಟಿ. ಎಂದರೆ ಬರೀ ಸುಲಿಗೆ ಎನ್ನುವುದು ತಪ್ಪು. ಅಲ್ಟ್ರಾಸೌಂಡಿನಲ್ಲಿ ಸಂಶಯ ಉಳಿದಾಗ, ಶಸ್ತ್ರಕ್ರಿಯೆಗೆ ಮುಂಚೆ, ಅದು ಬೇಕೇ ಬೇಕಾಗಬಹುದು. ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರ ನಿಂತರೆ, ಒಂದೇ ಮೂತ್ರಪಿಂಡವಿದ್ದರೆ ದುಡ್ಡಿನ ಲೆಕ್ಕ ಬದಿಗಿಟ್ಟು ಆ ರಾತ್ರಿಯೇ ಆಸ್ಪತ್ರೆ ಸೇರಬೇಕು. ಉಳಿದವರು "ಮೊದಲು ಅಲ್ಟ್ರಾಸೌಂಡ್ ಸಾಲದೇ?" ಎಂದು ಕೇಳಬೇಕು. ಕೇಳುವುದು ಉದ್ಧಟತನವಲ್ಲ. 5 ಮಿಲಿಮೀಟರಿಗಿಂತ ಸಣ್ಣ ಹರಳುಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ.

ಖಾಸಗಿ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕೆಂದು ಕರ್ನಾಟಕದ 2007ರ ಕಾಯ್ದೆ ಹೇಳುತ್ತದೆ. ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂಬ ವೈದ್ಯಕೀಯ ನಿಯಮ 2002ರಿಂದ ಇದೆ. ಚಿತ್ರವನ್ನೂ ವರದಿಯನ್ನೂ ಜೋಪಾನವಾಗಿಡಿ. ಇನ್ನೊಬ್ಬ ಡಾಕ್ಟರರಲ್ಲಿ ಅದೇ ಪರೀಕ್ಷೆಗೆ ಮತ್ತೆ ಹಣ ಸುರಿಯುವುದು ತಪ್ಪೀತು.

ಸ್ಕ್ಯಾನಿಂಗ್ ಯಂತ್ರಗಳಿಗೆ ನೋಂದಣಿಯ ಬಿಗಿ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಬಿಗಿ ಅದು, ಸಡಿಲವಾಗಬಾರದು. ಆದರೆ ಅದನ್ನು ನೆಪಮಾಡಿ ಬಡವರ ಆಸ್ಪತ್ರೆಯಲ್ಲಿ ಯಂತ್ರವನ್ನು ಖಾಲಿ ಕೂಡಿಸುವುದು ನ್ಯಾಯವಲ್ಲ. ಪ್ರತಿ ತಾಲೂಕಾ ಆಸ್ಪತ್ರೆಯಲ್ಲೂ ಯಂತ್ರ, ಅದನ್ನು ನೋಡಬಲ್ಲ ಡಾಕ್ಟರು, ಪರೀಕ್ಷೆಯ ದಿನ-ಹೊತ್ತು ಬರೆದ ಹಲಗೆ, ಈ ಮೂರೂ ಇರಬೇಕು. ಕಾರಖಾನೆಗಳಲ್ಲಿ, ಮಗ್ಗದ ಮನೆಗಳಲ್ಲಿ ಕುಡಿಯುವ ನೀರೂ, ಅದನ್ನು ಕುಡಿಯಲು ಬಿಡುವೂ ಇರಬೇಕು. ಹರಳು ಹುಡುಕುವ ಯಂತ್ರಕ್ಕಿಂತ ಹರಳಾಗದಂತೆ ತಡೆಯುವ ಒಂದು ಕೊಡ ನೀರು ಅಗ್ಗ.