ಶಿಬಿರ ಬೇಡ ಎನ್ನುವ ಮೊದಲು ಶೌಚಾಲಯ ಎಷ್ಟಿದೆ ಎಂದು ಕೇಳಿ

ಕಳೆದ ಚಳಿಗಾಲದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಆಕೆಯ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಏಳು ದಿನಗಳ ಎನ್ನೆಸ್ಸೆಸ್ ಶಿಬಿರ ಮುಗಿಸಿ ಹಿಂದಿನ ದಿನವಷ್ಟೇ ಮನೆಗೆ ಮರಳಿದ್ದಳು. ಜ್ವರ, ಕೆಳಹೊಟ್ಟೆ ನೋವು, ಮೂತ್ರ ಮಾಡುವಾಗ ಉರಿ.

"ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದೆ ಮಗಳೇ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಒಂದೆರಡು ಲೋಟ ಅಷ್ಟೇ. ನಮಗೆಲ್ಲ ಸೇರಿ ಒಂದೇ ಟಾಯ್ಲೆಟ್. ಅದಕ್ಕೆ ಚಿಲಕ ಇರಲಿಲ್ಲ. ಹುಡುಗರ ಕೋಣೆಯ ಮುಂದಿನಿಂದಲೇ ಹೋಗಬೇಕಿತ್ತು. ರಾತ್ರಿ ಲೈಟೂ ಇಲ್ಲ."

ತಾಯಿಗೆ ಸಿಟ್ಟು ಬಂತು. "ಡಾಕ್ಟ್ರಮ್ಮಾ, ಹುಡುಗ ಹುಡುಗಿಯರು ಒಟ್ಟಿಗಿರುವ ಕ್ಯಾಂಪ್ ಬೇಡ ಅಂತ ನಾನು ಮೊದಲೇ ಹೇಳಿದ್ದೆ. ಇನ್ನು ಮುಂದೆ ಕಳಿಸುವುದೇ ಇಲ್ಲ."

ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರುವುದು ತಿಳಿಯಿತು. ಚಿಕಿತ್ಸೆಯಿಂದ ಹುಡುಗಿ ಗುಣವಾದಳು. ಆದರೆ ಆ ತಾಯಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರ ಆತಂಕ ಸುಳ್ಳಲ್ಲ. ಆದರೂ ಮಗಳ ಕಾಯಿಲೆಗೆ ಕಾರಣ ಹುಡುಗರಲ್ಲ. ಒಂದು ಚಿಲಕ, ಒಂದು ಬಲ್ಬು ಮತ್ತು ಆ ದಾರಿಯಲ್ಲಿ ನಿಲ್ಲಬೇಕಾಗಿದ್ದ ಒಬ್ಬ ಹಿರಿಯ ಮಹಿಳೆ, ಈ ಮೂರೂ ಅಲ್ಲಿ ಇರಲಿಲ್ಲ.

1969ರಲ್ಲಿ ಆರಂಭವಾದ ಎನ್ನೆಸ್ಸೆಸ್ ಇಂದು ನಮ್ಮ ಮಕ್ಕಳು ಓದುವ ಹೆಚ್ಚಿನ ಕಾಲೇಜುಗಳಲ್ಲಿದೆ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ಒಂದು ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ನೂರು ಸ್ವಯಂಸೇವಕರ ಘಟಕಕ್ಕೆ ಒಬ್ಬರೇ ಕಾರ್ಯಕ್ರಮಾಧಿಕಾರಿ. ಅವರು ಊಟ, ಭಾಷಣ, ಶ್ರಮದಾನ, ಅತಿಥಿಗಳು ಎಲ್ಲವನ್ನೂ ನೋಡಿಕೊಳ್ಳಬೇಕು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವರು ಯಾರು?

ಮಹ್ರಮ್ ಇಲ್ಲದೆ ಹೆಣ್ಣುಮಕ್ಕಳು ರಾತ್ರಿ ತಂಗುವ ವಿಷಯದಲ್ಲಿ ಒಂದೊಂದು ಮನೆಯ ನಿಲುವು ಒಂದೊಂದು ರೀತಿ. ಅದನ್ನು ಉಲಮಾಗಳಲ್ಲಿ ಕೇಳಿ ತೀರ್ಮಾನಿಸಿಕೊಳ್ಳಿ. ನಾನು ವೈದ್ಯೆಯಾಗಿ ಮಾತಾಡುತ್ತಿದ್ದೇನೆ. ನಮ್ಮಲ್ಲಿ ಎರಡು ಬಗೆಯ ಹೆತ್ತವರಿದ್ದಾರೆ. ಏನನ್ನೂ ವಿಚಾರಿಸದೆ ಮಗಳನ್ನು ತಡೆಯುವವರು, ಏನನ್ನೂ ವಿಚಾರಿಸದೆ ಮಗನನ್ನು ಕಳುಹಿಸುವವರು. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತದೆ. ಇದಕ್ಕೆ ಅಸ್ಬಾಬ್-ಎ-ಸಿತ್ತಾ ಝರೂರಿಯ್ಯಾ ಎಂದು ಹೆಸರು. ಗಾಳಿ, ಅನ್ನ-ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಟುವಟಿಕೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳಬೇಕಾದದ್ದು ಮತ್ತು ಹೊರಹಾಕಬೇಕಾದದ್ದು. ಶಿಬಿರದ ಜಾಗವನ್ನು ಪರೀಕ್ಷಿಸಲು ಈ ಪಟ್ಟಿಯೇ ಸಾಕು. ಆ ಹುಡುಗಿಗೆ ತಪ್ಪಿದ್ದು ನೀರು, ನೆಮ್ಮದಿ, ನಿದ್ದೆ ಮತ್ತು ವಿಸರ್ಜನೆ. ಆರರಲ್ಲಿ ನಾಲ್ಕು.

ಎಷ್ಟಿದ್ದರೆ ಸಾಕು? ವಿಪತ್ತಿನಲ್ಲಿ ಮನೆ ಕಳಕೊಂಡವರ ಶಿಬಿರಗಳಿಗಾಗಿ ರೂಪಿಸಿದ 'ಸ್ಫಿಯರ್' ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ 20 ಜನರಿಗೆ ಒಂದು ಶೌಚಾಲಯ, ಅದು ತಂಗುವ ಜಾಗದಿಂದ 50 ಮೀಟರ್ ಒಳಗೆ, ತಲಾ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಇರಬೇಕು. ಎಲ್ಲವನ್ನೂ ಕಳಕೊಂಡವರಿಗೇ ಇಷ್ಟು ಬೇಕೆಂದಾದರೆ, ತಿಂಗಳ ಮೊದಲೇ ಯೋಜಿಸಿದ ಶಿಬಿರದಲ್ಲಿ ನಮ್ಮ ಮಕ್ಕಳಿಗೆ ಇದಕ್ಕಿಂತ ಕಡಿಮೆ ಯಾಕೆ? ಹುಡುಗಿಯರ ಶೌಚಾಲಯದ ದಾರಿ ಬೇರೆಯಾಗಿರಬೇಕು. ಒಳಗಿನಿಂದ ಚಿಲಕ, ರಾತ್ರಿಯಿಡೀ ಬೆಳಕು, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ, ಕೈ ತೊಳೆಯಲು ಸಾಬೂನು ಬೇಕು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಬೇಕು.

ಜಾಗದ ಆಯ್ಕೆಯಲ್ಲೂ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಲೆನಾಡಿನಲ್ಲಿ ಇಂದಿಗೂ ಇದೆ. ಉಣುಗುಗಳಿಂದ ಹರಡುವ ಈ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಚಳಿಗಾಲದ ಶಿಬಿರಗಳು ಬರುವುದೂ ಆಗಲೇ. ಆ ಭಾಗದಲ್ಲಿ ಶಿಬಿರವಿದ್ದರೆ ಸ್ಥಳೀಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮೊದಲೇ ವಿಚಾರಿಸಬೇಕು. ಹಾವು ಕಚ್ಚಿದರೆ ನನ್ನ ಯುನಾನಿ ಔಷಧಿಯನ್ನೂ ಹುಡುಕಬೇಡಿ, ನಾಟಿ ಮದ್ದನ್ನೂ ಹಚ್ಚಬೇಡಿ. ಆ ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಕ್ಷಣ ಒಯ್ಯಬೇಕು. ಆದ್ದರಿಂದ ಹತ್ತಿರದ ಆಸ್ಪತ್ರೆ ಎಷ್ಟು ದೂರ, 108ಕ್ಕೆ ಕರೆ ಮಾಡಲು ಅಲ್ಲಿ ಮೊಬೈಲ್ ಸಿಗ್ನಲ್ ಇದೆಯೇ ಎಂದು ಕೇಳಿ.

ಇನ್ನು ಹಿರಿಯರ ಕಣ್ಗಾವಲು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ನೀರುಪಾಲಾದರು. ಹುಡುಗ ಹುಡುಗಿಯರು ಒಟ್ಟಿಗಿದ್ದಾರೆಯೇ ಎಂದಷ್ಟೇ ಕೇಳಿ ಸುಮ್ಮನಾಗುವ ನಾವು, ನೀರಿನ ದಡದಲ್ಲಿ ಮಕ್ಕಳನ್ನು ಎಣಿಸುವವರು ಯಾರು ಎಂದು ಕೇಳುವುದಿಲ್ಲ. ಗಂಡುಮಕ್ಕಳ ಬಗ್ಗೆಯಂತೂ ಅದನ್ನೂ ಕೇಳುವುದಿಲ್ಲ.

ನನ್ನ ಲೆಕ್ಕದಲ್ಲಿ 50 ಮಕ್ಕಳಿಗೆ ಕನಿಷ್ಠ ಐವರು ಹಿರಿಯರು, ಅವರಲ್ಲಿ ಇಬ್ಬರಾದರೂ ಮಹಿಳೆಯರು ಇರಲೇಬೇಕು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಕಟ್ಟಡಗಳಲ್ಲಿ ಮಲಗುವ ವ್ಯವಸ್ಥೆ ಇರಲಿ. ರಾತ್ರಿ ಸರದಿಯಂತೆ ಒಬ್ಬರು ಎಚ್ಚರವಾಗಿರಲಿ. ಯಾವ ಹಿರಿಯರೂ, ಅಧ್ಯಾಪಕರೇ ಆಗಲಿ ಅತಿಥಿಯೇ ಆಗಲಿ, ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಬಾರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಎಂಬುದು ಪ್ರತಿಯೊಂದು ಮಗುವಿಗೂ ಬಾಯಿಪಾಠವಾಗಿರಲಿ.

ಇಷ್ಟನ್ನೆಲ್ಲ ಕೇಳಿದರೆ ಅಧ್ಯಾಪಕರು ಬೇಸರಿಸುತ್ತಾರೆಂದು ಕೆಲವರು ಹೇಳುತ್ತಾರೆ. ಬೇಸರಿಸಲಿ. ಆದರೆ ಪ್ರಶ್ನೆ ಕೇಳಿ ಕೈತೊಳೆದುಕೊಂಡರೆ ಅದೂ ನ್ಯಾಯವಲ್ಲ. ಒಬ್ಬ ಅಧಿಕಾರಿ ಏನು ತಾನೆ ಮಾಡಿಯಾರು? ಜಮಾಅತಿನ ಯುವಕರು ಚಿಲಕ, ಬಲ್ಬು ಹಾಕಿಕೊಡಬಹುದು. ತಾಯಂದಿರು ಸರದಿಯಲ್ಲಿ ಒಂದೊಂದು ರಾತ್ರಿ ಹೋಗಿ ನಿಲ್ಲಬಹುದು.

ಆ ತಾಯಿ ಮತ್ತೆ ಬಂದಾಗ ಇದನ್ನೇ ಹೇಳಿದೆ. "ನಾನು ಹೋಗುವುದೇ? ನನ್ನನ್ನು ಯಾರು ಕರೀತಾರೆ ಡಾಕ್ಟ್ರಮ್ಮಾ?" ಎಂದು ನಕ್ಕರು.

"ಕರೆಯಲಿ ಎಂದು ಕಾಯಬೇಡಿ. ನೀವೇ ಕಾಲೇಜಿಗೆ ಹೋಗಿ, ನಾನು ಬರುತ್ತೇನೆ ಎಂದು ಹೇಳಿ" ಎಂದೆ. ಓದುಗರಲ್ಲಿ ನನ್ನ ವಿನಂತಿಯೂ ಅದೇ.