ವೈನ್ ಶಾಪ್ ದೂರ, ಪ್ಯಾಕೆಟ್ ಮಾತ್ರ ನಮ್ಮ ಬೀದಿಯಲ್ಲೇ

ನಾಗಲಮಡಿಕೆ ಹೋಬಳಿಯ ಒಂದು ಹಳ್ಳಿ. ಶೇಂಗಾ ಬಿಡಿಸುತ್ತಾ ಕೂತಿದ್ದ ಒಬ್ಬ ಅಮ್ಮ ನಮ್ಮನ್ನು ಕೇಳಿದರು: 'ಪೇಪರ್ ಓದ್ಕೊಂಡಿದೀರ, ಹೇಳ್ರಪ್ಪ. ಬ್ರಾಂದಿ ಅಂಗಡಿ ಮೂರು ಮೈಲಿ ದೂರ ಐತೆ. ನಮ್ಮ ಬೀದಿಗೆ ಬೆಳಿಗ್ಗೆ ಐದಕ್ಕೇ ಪ್ಯಾಕೆಟ್ ಹೆಂಗೆ ಬತ್ತೈತೆ?'

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನಮ್ಮಲ್ಲೊಬ್ಬ ಎಂಟನೇ ಕ್ಲಾಸಿನಲ್ಲಿದ್ದಾಗ ಮಾವನಿಗಾಗಿ ಪಕ್ಕದ ಬೀದಿಯ ಅಂಗಡಿಯಿಂದ ಪ್ಯಾಕೆಟ್ ತಂದುಕೊಟ್ಟವನು. ಚಿಲ್ಲರೆ ಉಳಿದರೆ ಅವನಿಗೆ ಚಾಕಲೇಟು. ಆಗ ಅದು ತಪ್ಪು ಅನ್ನಿಸಿರಲಿಲ್ಲ, ಉಪ್ಪು ಬೆಲ್ಲ ತಂದ ಹಾಗೆ ತಂದಿದ್ದ. ಪ್ಯಾಕೆಟ್ ಎಲ್ಲಿಂದ ಬರುತ್ತದೆ ಎಂದು ನಾವು ಯಾರೂ ಕೇಳಿದವರಲ್ಲ.

ಹಾಗಾಗಿ ನಾವು ಮೂವರು ಒಂದು ದಿನ ವೈನ್ ಶಾಪಿಗೇ ಹೋದೆವು. ಕುಡಿಯೋಕಲ್ಲ, ಅದು ಹೇಗೆ ನಡೆಯುತ್ತದೆ ಅಂತ ತಿಳಿಯೋಕೆ. ಅಂಗಡಿಯ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಒಂದು ಅಂಗಡಿಯ ಮೇಲೆ ಕಲ್ಲೆಸೆಯುವುದು ನಮ್ಮ ಉದ್ದೇಶವಲ್ಲ, ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಬೋರ್ಡಿನ ಮೇಲೆ 'ವೈನ್ಸ್' ಅಂತಿತ್ತು. ವೈನ್ ಇದೆಯಾ ಅಂತ ಕೇಳಿದೆವು. ಕೌಂಟರಿನಲ್ಲಿದ್ದವರು ನಕ್ಕರು. ಮೇಲಿನ ಕಪಾಟಿನಲ್ಲಿ ಎರಡು ಬಾಟಲಿ ಧೂಳು ಹಿಡಿದಿದ್ದವು. 'ಇಲ್ಲಿ ಓಡೋದು ಇದೊಂದೇ' ಅಂತ 90 ಎಂಎಲ್ ಟೆಟ್ರಾ ಪ್ಯಾಕೆಟ್ ಎತ್ತಿ ತೋರಿಸಿದರು. ಮಕ್ಕಳು ಕುಡಿಯುವ ಜ್ಯೂಸಿನ ಡಬ್ಬಿಯ ಹಾಗೇ ಇದೆ. ಜೇಬಿಗೆ ಹಿಡಿಯುತ್ತದೆ, ಒಡೆಯುವುದಿಲ್ಲ, ಸದ್ದು ಮಾಡುವುದಿಲ್ಲ.

ಚಿಕ್ಕದು ಅಂತ ಹಗುರಾಗಿ ನೋಡಬೇಡಿ. ಅದರಲ್ಲಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. ಲೆಕ್ಕ ಹಾಕಿದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಆಗುತ್ತದೆ. ಶೇ 5ರ ಸಾಧಾರಣ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಇರುವುದು ಸುಮಾರು 25 ಗ್ರಾಂ. ಅಂದರೆ ಅಂಗೈಯಗಲದ ಪ್ಯಾಕೆಟ್ಟು ಒಂದು ದೊಡ್ಡ ಬಾಟಲಿಗಿಂತ ಹೆಚ್ಚು.

ಅಂಗಡಿ ನಡೆಯುವ ಬಗೆ ಹೀಗೆ. ಈ ಬಗೆಯ ಅಂಗಡಿಯ ಲೈಸೆನ್ಸಿಗೆ ಸಿಎಲ್-2 ಅನ್ನುತ್ತಾರೆ. ಇಲ್ಲಿ ಕೊಂಡು ಹೋಗಬಹುದು, ಕೂತು ಕುಡಿಯುವಂತಿಲ್ಲ. ಕೂತು ಕುಡಿಯುವ ಬಾರಿನದು ಸಿಎಲ್-9. ಈ ಎರಡು ಬಗೆಯ ಹೊಸ ಲೈಸೆನ್ಸ್ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತು. ಅದಕ್ಕೇ ಹಳೆಯ ಲೈಸೆನ್ಸಿಗೆ ಅಷ್ಟು ಬೆಲೆ. ಎಂಎಸ್ಐಎಲ್ ಅಂಗಡಿಗಳದು ಬೇರೆ ಲೈಸೆನ್ಸ್, ಸಿಎಲ್-11ಸಿ.

ಸರಕು ಎಲ್ಲಿಂದ? 2003ರಿಂದ ಇಡೀ ರಾಜ್ಯಕ್ಕೆ ಸಗಟು ಮಾರಾಟಗಾರ ಒಬ್ಬನೇ: ಸರ್ಕಾರದ ಕರ್ನಾಟಕ ರಾಜ್ಯ ಪಾನೀಯ ನಿಗಮ. ಅಂಗಡಿಯವರು ಮೊದಲು ನಿಗಮಕ್ಕೆ ದುಡ್ಡು ಕಟ್ಟಬೇಕು, ಆಮೇಲೆ ಡಿಪೋದಿಂದ ಬಿಲ್ಲಿನ ಜೊತೆ ಲೋಡು. ಬೆಲೆ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. 'ನಮಗೆ ಉಳಿಯೋದು ನೂರಕ್ಕೆ ಹತ್ತರ ಆಸುಪಾಸು. ಅದರಲ್ಲೇ ಬಾಡಿಗೆ, ಸಂಬಳ, ಕರೆಂಟು' ಅಂದರು ಕೌಂಟರಿನವರು. ದೊಡ್ಡ ಪಾಲು ತೆರಿಗೆಯಾಗಿ ಬೆಂಗಳೂರಿಗೆ ಹೋಗುತ್ತದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ನಮ್ಮ ಹೋಬಳಿಯ ಕೂಲಿಕಾರನ ಜೇಬೂ ಆ ಲೆಕ್ಕದಲ್ಲಿದೆ.

ನಿಯಮಗಳನ್ನೂ ಕೇಳಿ ಬರೆದುಕೊಂಡೆವು. ದೇವಸ್ಥಾನ, ಶಾಲೆ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಅಂಗಡಿ ಇರುವಂತಿಲ್ಲ. ತೆರೆಯುವುದಕ್ಕೂ ಮುಚ್ಚುವುದಕ್ಕೂ ಹೊತ್ತು ನಿಗದಿಯಾಗಿದೆ. 21 ತುಂಬದವರಿಗೆ ಮಾರುವಂತಿಲ್ಲ. ಈ ವಯಸ್ಸನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿ, ಜನ ವಿರೋಧಿಸಿದಾಗ ವಾಪಸ್ ತೆಗೆದುಕೊಂಡಿತು.

ನಿಜ ಹೇಳುತ್ತೇವೆ, ನಾವು ಹೋಗುವಾಗ ಅಂಗಡಿಯವರನ್ನು ವಿಲನ್ ಅಂದುಕೊಂಡೇ ಹೋಗಿದ್ದೆವು. ಒಂದು ಗಂಟೆ ನಿಂತ ಮೇಲೆ ಅದು ಹೆಚ್ಚು ಕಡಿಮೆ ಒಂದು ಸರ್ಕಾರಿ ಕೌಂಟರಿನ ಹಾಗೇ ಕಾಣಿಸಿತು. ಅಮ್ಮನ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಆಗ ಒಬ್ಬರು ಟಿವಿಎಸ್ ಎಕ್ಸ್ಎಲ್‌ನಲ್ಲಿ ಬಂದರು. ಮಾತಿಲ್ಲ, ಕತೆಯಿಲ್ಲ. ದುಡ್ಡು ಕೊಟ್ಟರು, ಎರಡು ಬಾಕ್ಸ್ ಗೋಣಿಚೀಲಕ್ಕೆ ಇಳಿಯಿತು, ಗಾಡಿ ಹೊರಟಿತು. ಒಂದು ಬಾಕ್ಸಿನಲ್ಲಿ 96 ಪ್ಯಾಕೆಟ್, ಎಂಟೂವರೆ ಲೀಟರಿಗಿಂತ ಹೆಚ್ಚು. ಮನೆಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಕಾನೂನಿನ ಮಿತಿ ಇದೆ. ಒಂದು ಬಾಕ್ಸೇ ಅದನ್ನು ಮೀರುತ್ತದೆ. 'ಯಾರಿಗೆ?' ಅಂತ ಕೇಳಿದೆವು. ಕೌಂಟರಿನವರು ಅಂದರು, 'ದುಡ್ಡು ಕೊಡ್ತಾರೆ, ಸರಕು ಕೊಡ್ತೀವಿ. ಮದುವೆಗೋ ಮಾರೋಕೋ ಅಂತ ನಾವೇನು ಕೇಳಾಣ?'

ಬೆಳಿಗ್ಗೆ ಐದಕ್ಕೆ ಬೀದಿಯಲ್ಲಿ ಸಿಗುವುದು ಇದೇ ಪ್ಯಾಕೆಟ್.

ಇಲ್ಲಿ ನಮ್ಮ ಮಾತು ಇಷ್ಟೇ. ವೈನ್ ಶಾಪಿಗೆ ಮೂರು ಬೀಗ ಇವೆ: ಹೊತ್ತಿನ ಬೀಗ, ವಯಸ್ಸಿನ ಬೀಗ, ನಗದಿನ ಬೀಗ. ಬೀದಿಯ ಪೆಟ್ಟಿಗೆ ಅಂಗಡಿ ಈ ಮೂರನ್ನೂ ತೆಗೆಯುತ್ತದೆ. ನಸುಕಿನಲ್ಲೂ ಸಿಗುತ್ತದೆ, ನಡುರಾತ್ರಿಯಲ್ಲೂ ಸಿಗುತ್ತದೆ. ಎಂಟನೇ ಕ್ಲಾಸಿನ ಹುಡುಗ ಬಂದರೂ ಕೊಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಮೂರನೆಯದು. ವೈನ್ ಶಾಪಿನಲ್ಲಿ ಉದ್ರಿ ಇಲ್ಲ, ಬೀದಿಯಲ್ಲಿ ಉದ್ರಿ ಇದೆ.

ಜೇಬಿನಲ್ಲಿ ದುಡ್ಡಿಲ್ಲದ ದಿನ ವೈನ್ ಶಾಪಿಗೆ ಹೋದವನು ಬರಿಗೈಲಿ ವಾಪಸ್ ಬರುತ್ತಾನೆ. ಬೀದಿಯಲ್ಲಾದರೆ ಲೆಕ್ಕ ಬರೆಸುತ್ತಾನೆ, ಅದೂ ಪ್ಯಾಕೆಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಮೇಲೆ. ವಾರದ ಬಟವಾಡೆ ಆದ ದಿನ ಕೂಲಿ ಮನೆಗೆ ಬರುವ ಮೊದಲು ಆ ಲೆಕ್ಕ ಚುಕ್ತಾ ಆಗುತ್ತದೆ. ಹೆಂಡತಿ ಕೈಗೆ ಬರುವುದು ಉಳಿದದ್ದು. ನಮ್ಮ ಕಡೆ ಮಳೆ ನಂಬುವ ಹಾಗಿಲ್ಲ. ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದ ಮೇಲೆ ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ಅಂಥ ಮನೆಯ ವಾರದ ದುಡ್ಡಿನ ಮೇಲೆ ಈ ಉದ್ರಿ ಕೂತಿದೆ.

'ಹಾಗಾದರೆ ಪೂರ್ತಿ ಬಂದ್ ಮಾಡಿಬಿಡಲಿ' ಅನ್ನುವವರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದರು. ನಮ್ಮ ಶಿರಾ, ತುಮಕೂರಿನ ಮೇಲೇ ಹೋದರು. ಆದರೆ ಹಿಂದಿನದನ್ನೂ ನೆನೆಯಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ಪ್ಯಾಕೆಟ್ ಬಂತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಕಡೆ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು.

ಗಡಿಯ ಪಾಠ ನಮಗೆ ಇನ್ನೂ ಹತ್ತಿರ. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. 2019ರಲ್ಲಿ ಅಲ್ಲಿ ಸರ್ಕಾರವೇ ಅಂಗಡಿ ನಡೆಸತೊಡಗಿ, 2020ರಲ್ಲಿ ಬೆಲೆ ವಿಪರೀತ ಏರಿಸಿದಾಗ ಕರ್ನಾಟಕದ ಪ್ಯಾಕೆಟ್ ಗಡಿ ದಾಟಿ ಹೋಗುತ್ತಿತ್ತು. 2024ರ ಅಕ್ಟೋಬರಿನಲ್ಲಿ ಅಲ್ಲಿ ಖಾಸಗಿ ಅಂಗಡಿಗಳು ಮತ್ತೆ ಬಂದವು, 99 ರೂಪಾಯಿಗೆ ಕ್ವಾರ್ಟರ್ ಬಂತು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆಯಿಂದ ಹರಿದು ಬರುತ್ತದೆ. ಪೂರ್ತಿ ಬಂದ್ ಕಾಗದದ ಮೇಲೆ ಸುಲಭ, ನಮ್ಮ ಗಡಿಯಲ್ಲಿ ಅಲ್ಲ.

ಅದಕ್ಕೇ ನಾವು ಕೇಳುವುದು ಆಗಬಹುದಾದ ಕೆಲಸಗಳನ್ನು.

ಒಂದು, ಬಾಕ್ಸ್ ಮಾರಾಟ ನಿಲ್ಲಲಿ. ಪೊಲೀಸರು ದಾಳಿ ಮಾಡಿದಾಗ ಸಿಕ್ಕಿಬೀಳುವುದು ಹತ್ತು ಪ್ಯಾಕೆಟ್ ಇಟ್ಟುಕೊಂಡ ಪೆಟ್ಟಿಗೆ ಅಂಗಡಿಯವರು. ಅವರಲ್ಲಿ ಗಂಡ ಇಲ್ಲದ ಹೆಂಗಸರೂ ಇದ್ದಾರೆ, ಬೇರೆ ದಾರಿ ಕಾಣದ ವಯಸ್ಸಾದವರೂ ಇದ್ದಾರೆ. ಅವರು ಮಾಡುವುದು ತಪ್ಪೇ. ಆದರೆ ಬಾಕ್ಸ್ ಕೊಟ್ಟ ಕೌಂಟರನ್ನು ಯಾಕೆ ಯಾರೂ ಕೇಳುವುದಿಲ್ಲ? ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರ್ ಇದೆ. ಯಾವ ಅಂಗಡಿಗೆ ಎಷ್ಟು ಹೋಯಿತು ಅಂತ ಡಿಪೋದಲ್ಲಿ ಬಿಲ್ ಇದೆ. ಹುಡುಕುವ ಮನಸ್ಸಿದ್ದರೆ ದಾರಿ ಇದೆ.

ಎರಡು, ಊರಿನ ಮಾತಿಗೆ ಬೆಲೆ ಬರಲಿ. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಮತ ಹಾಕಿ ಮದ್ಯದಂಗಡಿ ಮುಚ್ಚಿಸುವ ನಿಯಮ ಇದೆ. ರಾಜಸ್ಥಾನದ ಕಾಛಬಲಿ ಊರಿನವರು 2016ರಲ್ಲಿ ಹೀಗೇ ಮತ ಹಾಕಿ ಮುಚ್ಚಿಸಿದರು. ನಮ್ಮಲ್ಲಿ ಗ್ರಾಮಸಭೆ ನಿರ್ಣಯ ಮಾಡಿದರೂ ಅದು ಮನವಿಯಾಗಿ ಫೈಲಿನಲ್ಲಿ ಕೂರುತ್ತದೆ. ನಮಗೂ ಅಂಥ ನಿಯಮ ಬೇಕು.

ಮೂರು, ಕುಡಿಯುವವರನ್ನು ಬೈದು ಬಿಟ್ಟುಬಿಡಬೇಡಿ. ದಿನವೂ ಹೆಚ್ಚು ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಕೆಲಸ ಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ವಾಪಸ್ ಹೋಗಿ ಆ ಅಮ್ಮನಿಗೆ ಎಲ್ಲ ಹೇಳಿದೆವು. ಬಾಕ್ಸು, ಎಕ್ಸ್ಎಲ್ ಗಾಡಿ, ಗೋಣಿಚೀಲ. ಅವರು ಶೇಂಗಾ ಬಿಡಿಸುತ್ತಲೇ ಕೇಳಿಸಿಕೊಂಡರು. 'ಅದು ನಂಗೂ ಗೊತ್ತು ಕಣಪ್ಪ. ಗಾಡಿ ನಮ್ಮ ಮನೆ ಮುಂದೇನೇ ಬರೋದು. ನಿಮಗೆ ಗೊತ್ತಾದ್ರೆ ಬರೀತೀರಲ್ಲ ಅಂತ ಕೇಳ್ದೆ.'

ಬರೆದಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಬಾಕ್ಸ್ ಮಾರಾಟದ ವಿಷಯ ಎತ್ತಿ, ನಿರ್ಣಯ ಬರೆಸಿ, ಅದರ ಪ್ರತಿಯನ್ನು ತಾಲ್ಲೂಕಿನ ಅಬಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇವೆ. ನೀವೂ ನಿಮ್ಮ ಪಂಚಾಯ್ತಿಯಲ್ಲಿ ಹಾಗೇ ಮಾಡಿ. ಸಭೆಗೆ ಮನೆಯ ಹೆಂಗಸರನ್ನು ಕರೆದುಕೊಂಡು ಹೋಗುವುದನ್ನು ಮರೆಯಬೇಡಿ. ಉದ್ರಿ ಲೆಕ್ಕ ಎಷ್ಟಾಗಿದೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತು.